ಹೊಳೆದಾಸವಾಳವನ್ನೂ ಕಟ್ಟಿಕೊಂಡು ಬಂದೆವು

ಮನೆ ಬದಲಾಯಿಸುವಾಗ ಗಿಡ ಕಿತ್ತುಕೊಂಡು ಹೋಗುವವರು ಯಾರಪ್ಪಾ ಅಂತ ನನ್ನ ಬಾವಮೈದುನ ನಕ್ಕ. ಅವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಹೊಳೆದಾಸವಾಳ ಅಂದರೆ ನೇರಳೆ ಹೂ ಬಿಡುವ ಒಂದು ಕಾಡುಮರ. ನಾವು ಹೋಗಲಿದ್ದ ಕುಶಾಲನಗರದ ನರ್ಸರಿಯಲ್ಲೇ ಅದು ಬ್ಯಾಗಿನಲ್ಲಿ ಸಿಗುತ್ತದೆ. ಆಳುಗಳ ಕೂಲಿ, ಪಿಕಪ್ ಬಾಡಿಗೆ ಸೇರಿಸಿದರೆ ಆ ದುಡ್ಡಿಗೆ ಒಂದು ಸಾಲು ಗಿಡ ಬರುತ್ತದೆ. ಅದಲ್ಲದೆ ಚಿಕ್ಕ ಗಿಡ ಬೇಗ ಹಿಡಿಯುತ್ತದೆ. ದೊಡ್ಡದನ್ನು ಕಿತ್ತು ನೆಟ್ಟರೆ ಅದು ಸುಧಾರಿಸಿಕೊಳ್ಳುವಷ್ಟರಲ್ಲಿ ಚಿಕ್ಕದೂ ಅದರ ಸಮಕ್ಕೆ ಬಂದಿರುತ್ತದೆ. ಇದನ್ನೆಲ್ಲ ನಾನೂ ಒಪ್ಪಿಕೊಂಡೆ. ಒಪ್ಪಿಕೊಂಡೇ ಗುದ್ದಲಿ ಹುಡುಕಲು ಹೋದೆ.

ಯಾಕೆಂದರೆ ಈ ಗಿಡವನ್ನು ನಾವು ತಂದು ನೆಟ್ಟದ್ದಲ್ಲ. ಕೊಡಗಿನ ಮಾದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿದ್ದೆ. ಅಂದರೆ ತೋಟದ ಹಾಜರಿ, ಕೂಲಿ, ಗೊಬ್ಬರ, ಚೀಲಗಳ ಲೆಕ್ಕ ಬರೆಯುವವನು. ಕಾಫಿ ನರ್ಸರಿಯ ಬ್ಯಾಗಿಗೆ ನಾವು ತುಂಬುವುದು ಕಾಡುಮಣ್ಣು, ಗೊಬ್ಬರ, ಮರಳು. 6:2:1ರ ಲೆಕ್ಕ. ಒಂದು ವರ್ಷ ಹೊಳೆ ಪಕ್ಕದಿಂದ ಕಾಡುಮಣ್ಣು ತಂದಿದ್ದೆವು. ಕಾಫಿ ಬೀಜ ಹುಟ್ಟದ ಒಂದು ಬ್ಯಾಗಿನಲ್ಲಿ ಬೇರೆ ಏನೋ ಹುಟ್ಟಿತ್ತು. ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಅದನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆಯುವವಳಿದ್ದಳು. ಎಲೆ ನೋಡಿ ಕೈ ಬಿಟ್ಟಳು. 'ರೈಟ್ರೇ, ಇದು ಹೊಳೆದಾಸವಾಳ. ಹೂ ಚೆಂದ. ನಿಮ್ಮ ಕ್ವಾಟ್ರಸ್ ಹತ್ರ ಹಾಕಿ' ಅಂದಳು. ಹಾಕಿದೆ. ಅಷ್ಟೇ ಅದರ ಕಥೆ. ಆದರೆ ನಾಲ್ಕು ವರ್ಷದಲ್ಲಿ ಅದು ನನ್ನ ತಲೆ ದಾಟಿ ಬೆಳೆಯಿತು. ಕೊನೆಯ ವರ್ಷ ಮೇ ತಿಂಗಳಲ್ಲಿ ಒಂದೇ ಒಂದು ಗೊಂಚಲು ನೇರಳೆ ಹೂವನ್ನೂ ಬಿಟ್ಟಿತು. ನಿವೃತ್ತಿ ಆದ ಮೇಲೆ ಕ್ವಾಟ್ರಸ್ ಬಿಡಬೇಕು. ಹೂವು ನೋಡಿದ ಮೇಲೆ ಬಿಟ್ಟು ಬರೋದು ಹೇಗೆ?

ಮೊದಲು ತೋಟದ ಮಾಲೀಕರಾದ ಸಾವ್ಕಾರ್ರನ್ನು ಕೇಳಿದೆ. ಗಿಡ ನಾನು ನೆಟ್ಟಿದ್ದರೂ ನೆಲ ಅವರದ್ದು.  ಬಾಡಿಗೆ ಮನೆಯವರೂ ಹೀಗೆ ಮೊದಲೇ ಕೇಳಿಕೊಂಡರೆ ಆಮೇಲೆ ಜಗಳ ಇರುವುದಿಲ್ಲ. ಅವರು 'ತಗೊಂಡು ಹೋಗಿ, ಗುಂಡಿ ಮುಚ್ಚಿ ಹೋಗಿ' ಅಂದರು.

ಆಮೇಲೆ ಶುರುವಾದದ್ದು ಯಾವಾಗ ಕೀಳಬೇಕು ಅನ್ನುವ ಚರ್ಚೆ. ಕೊಡಗಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: 'ಮಳೆ ಹಿಡಿಯಲಿ, ಜೂನ್‌ನಲ್ಲಿ ನೆಡಿ.' ನಾವೆಲ್ಲ ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ. ಕಾಫಿ ಗಿಡ, ಸಿಲ್ವರ್ ಓಕ್, ಹಾಲುವಾಣದ ಗೂಟ, ಎಲ್ಲದಕ್ಕೂ ಮಳೆಗಾಲವೇ ಮುಹೂರ್ತ. ಬ್ಯಾಗಿನ ಗಿಡಕ್ಕೆ ಅದು ಸರಿ. ಬ್ಯಾಗಿನ ಗಿಡದ ಬೇರು ಪೂರ್ತಿ ಬ್ಯಾಗಿನ ಒಳಗೇ ಇರುತ್ತದೆ. ತಳದಲ್ಲಿ ಸುತ್ತಿಕೊಂಡ ಬೇರನ್ನು ಕತ್ತರಿಸಿ ಇಟ್ಟರೆ ಆಯಿತು. ಆದರೆ ನೆಲದಲ್ಲಿ ನಾಲ್ಕು ವರ್ಷ ಬೆಳೆದ ಗಿಡ ಹಾಗಲ್ಲ. ಅದರ ನೀರು ಕುಡಿಯುವ ಸಣ್ಣ ಬೇರುಗಳು ರೆಂಬೆಗಳ ನೆರಳು ದಾಟಿ ಹೊರಗೆ ಹೋಗಿರುತ್ತವೆ. ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ ಹರಡಿಕೊಂಡಿರುತ್ತವೆ. ನಾವು ಎಷ್ಟೇ ಜಾಗ್ರತೆಯಿಂದ ಅಗೆದರೂ ಅದರಲ್ಲಿ ಹೆಚ್ಚಿನ ಪಾಲು ಹಿಂದೆಯೇ ಉಳಿಯುತ್ತದೆ. ಜೂನ್‌ನಲ್ಲಿ ಮೈತುಂಬ ಎಲೆ ಇರುವಾಗ ಕಿತ್ತರೆ, ಎಲೆ ನೀರು ಕೇಳುತ್ತದೆ, ಕೊಡಲು ಬೇರು ಇಲ್ಲ. ಮೇಲೆ ಮಳೆ ಸುರಿದರೂ ಮಧ್ಯೆ ಬಿಸಿಲು ಬಿದ್ದ ದಿನ ಗಿಡ ಬಾಡುತ್ತದೆ.

ಹೊಳೆದಾಸವಾಳಕ್ಕೆ ಒಂದು ಅನುಕೂಲ ಇದೆ. ಅದು ಎಲೆ ಉದುರಿಸುವ ಮರ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಎಲೆ ಕೆಂಪಾಗುತ್ತಾ ಬರುತ್ತದೆ, ಜನವರಿ ಕೊನೆಗೆ ಬೋಳು. ಶಿವರಾತ್ರಿಯ ಆಸುಪಾಸಿನಲ್ಲಿ ಮತ್ತೆ ಚಿಗುರು. ಈ ಮಧ್ಯೆ ಸಿಗುವ ಕೆಲವು ವಾರಗಳಲ್ಲಿ ಗಿಡಕ್ಕೆ ನೀರಿನ ಖರ್ಚು ತೀರಾ ಕಡಿಮೆ. ಕೀಳುವುದಾದರೆ ಆಗಲೇ ಕೀಳಬೇಕು. ಬೇಸಿಗೆಯಲ್ಲಿ ನೀರು ಹಾಕುವುದು ನಮ್ಮ ಕೆಲಸ. ಸಂಪಿಗೆ, ಹಲಸಿನ ಹಾಗೆ ಸದಾ ಹಸಿರಾಗಿರುವ ಮರವಾಗಿದ್ದರೆ ನಾನೂ ಮಳೆಗೇ ಕಾಯುತ್ತಿದ್ದೆ. ಅಂದರೆ ಮುಹೂರ್ತ ಇಡುವುದು ಮಳೆ ನೋಡಿ ಅಲ್ಲ, ಮರದ ಜಾತಿ ನೋಡಿ. ಇದನ್ನು ತೋಟದ ಆಳುಗಳ ಮೇಸ್ತ್ರಿಗೆ ಹೇಳಿದೆ. ಅವನು ವೀಳ್ಯದೆಲೆ ಅಗಿಯುತ್ತಾ 'ನೀವು ಲೆಕ್ಕ ಬರೆಯೋರು, ನಿಮಗೆ ಗೊತ್ತಿರುತ್ತೆ' ಅಂದ. ಅದು ಹೊಗಳಿಕೆ ಆಗಿರಲಿಲ್ಲ.

ಇನ್ನೊಂದು ಕಾರಣವೂ ಇತ್ತು. ನಮ್ಮ ಕ್ವಾಟ್ರಸ್ ಹಿಂದೆ ಎತ್ತರದ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡಗಳು ಜಾರಿದ್ದನ್ನು ಕಣ್ಣಾರೆ ನೋಡಿದ ಮೇಲೆ, ಮಳೆಗಾಲದಲ್ಲಿ ಬರೆ ಹತ್ತಿರ ಗುದ್ದಲಿ ಇಳಿಸಲು ನನಗಂತೂ ಧೈರ್ಯ ಇಲ್ಲ.

ಆದರೆ ಜನವರಿಯಲ್ಲಿ ಕೀಳಬೇಕಾದರೆ ಕೆಲಸ ಸೆಪ್ಟೆಂಬರ್‌ನಲ್ಲೇ ಶುರುವಾಗಬೇಕು. ಮನೆ ಬದಲಾಯಿಸುವವರು ಎಡವುವುದು ಇಲ್ಲೇ. ಗ್ಯಾಸ್, ಟಿವಿ, ಬೀರು ಎಲ್ಲ ನೆನಪಾಗುತ್ತದೆ, ಲಾರಿ ಬಂದ ದಿನ ಗಿಡ ನೆನಪಾಗುತ್ತದೆ. ಆ ದಿನ ಕಿತ್ತರೆ ಗಿಡದ ಜೊತೆ ಬರುವುದು ಬರೀ ದಪ್ಪ ಬೇರು. ದಪ್ಪ ಬೇರು ಗಿಡವನ್ನು ನಿಲ್ಲಿಸುತ್ತದೆ, ನೀರು ಕುಡಿಯುವುದು ಕೂದಲಿನಷ್ಟು ಸಣ್ಣವು. ಆ ಸಣ್ಣ ಬೇರನ್ನು ಬುಡದ ಹತ್ತಿರಕ್ಕೆ ಬರಿಸಲು ಒಂದು ಉಪಾಯ ಇದೆ. ದೂರ ಹೋದ ಬೇರನ್ನು ಮುಂಚೆಯೇ ಕಡಿದುಬಿಡುವುದು. ಕಡಿದ ತುದಿಯಿಂದ ಹೊಸ ಬೇರು ಗೊಂಚಲಾಗಿ ಒಡೆಯುತ್ತದೆ.

ಎಷ್ಟು ದೂರಕ್ಕೆ ಕಡಿಯಬೇಕು? ನೆಲದಿಂದ ಒಂದು ಗೇಣು ಮೇಲೆ ಕಾಂಡದ ದಪ್ಪ ಅಳೆಯಬೇಕು. ಅದರ ಹತ್ತರಿಂದ ಹನ್ನೆರಡು ಪಟ್ಟು ಅಗಲದ ಮಣ್ಣಿನ ಗಡ್ಡೆ ಜೊತೆಗೆ ಬರಬೇಕು. ನಮ್ಮದು 4 ಸೆಂ.ಮೀ. ಇತ್ತು. ಅಂದರೆ ಸುಮಾರು 45 ಸೆಂ.ಮೀ. ಗಡ್ಡೆ, ಒಂದೂವರೆ ಅಡಿ. ತಮಾಷೆ ನೋಡಿ, ನಾವು ಕಾಫಿ ನೆಡಲು ತೆಗೆಯುವ ಗುಳಿಯ ಅಳತೆಯೂ ಅದೇ, ಒಂದೂವರೆ ಅಡಿ. ಆಳುಗಳಿಗೆ ಬಾಯಲ್ಲಿ ಹೇಳಿದರೆ ಸಾಕಾಯಿತು, ಟೇಪು ಬೇಕಾಗಲಿಲ್ಲ.

ಕೈಲ್‌ಪೊಳ್ದ್ ಹಬ್ಬ ಕಳೆದು ಸೆಪ್ಟೆಂಬರ್‌ನಲ್ಲಿ ಮಳೆ ಸ್ವಲ್ಪ ತಗ್ಗಿದ ಮೇಲೆ ಸುತ್ತಲೂ ಸಣ್ಣ ಚರಂಡಿ ತೆಗೆದೆ. ಒಂದೇ ಸಲಕ್ಕೆ ಪೂರ್ತಿ ಸುತ್ತು ಅಲ್ಲ. ಮೊದಲು ಅರ್ಧ ಸುತ್ತು, ಅದೂ ತುಂಡು ತುಂಡಾಗಿ, ಮಧ್ಯೆ ಮಧ್ಯೆ ಬಿಟ್ಟು. ಉಳಿದ ಅರ್ಧ ಅಕ್ಟೋಬರ್‌ನಲ್ಲಿ, ತುಲಾ ಸಂಕ್ರಮಣದ ಹೊತ್ತಿಗೆ. ಆಗ ಗಿಡಕ್ಕೆ ಯಾವಾಗಲೂ ಒಂದಿಷ್ಟು ಹಳೆ ಬೇರು ಇದ್ದೇ ಇರುತ್ತದೆ. ಹೆಬ್ಬೆರಳು ದಪ್ಪದ ಬೇರನ್ನು ಗುದ್ದಲಿಯಿಂದ ಜಜ್ಜದೆ ಚೂಪಾದ ಕತ್ತಿಯಿಂದ ಕಡಿದೆ. ಜಜ್ಜಿದ ಬೇರು ಕೊಳೆಯುತ್ತದೆ, ನುಣುಪಾಗಿ ಕಡಿದದ್ದು ಚಿಗುರುತ್ತದೆ. ತೆಗೆದ ಚರಂಡಿಗೆ ನರ್ಸರಿಯ ಅದೇ 6:2:1 ಮಣ್ಣು ತುಂಬಿದೆ. ಲೈನ್ ಮನೆಯ, ಅಂದರೆ ಆಳುಗಳ ಸಾಲುಮನೆಯ ಹುಡುಗರು ಸುತ್ತ ನಿಂತು 'ಅಣ್ಣಾ, ಈ ಗಿಡಕ್ಕೂ ಆನೆ ಕಂದಕನಾ?' ಅಂತ ಕೇಳಿದರು. ಅರಣ್ಯ ಇಲಾಖೆ ಕಾಡಂಚಿನಲ್ಲಿ ತೋಡುವ ಕಂದಕ ನೋಡಿ ಬೆಳೆದ ಮಕ್ಕಳು, ಕೇಳದೆ ಇರುತ್ತಾರಾ?

ಜನವರಿಯಲ್ಲಿ ಆಳು ಸಿಗುವುದು ಕಷ್ಟ. ರೊಬಸ್ಟಾ ಕಾಫಿ ಕೊಯ್ಲಿನ ಕಾಲ. ಹಣ್ಣು ಬಿಟ್ಟು ರೈಟರ ಗಿಡ ಕೀಳಲು ಯಾರು ಬರುತ್ತಾರೆ? ಕೊನೆಗೆ ಒಂದು ಭಾನುವಾರ ಮೇಸ್ತ್ರಿಯೇ ಮೂವರನ್ನು ಕರೆತಂದ. ಹಿಂದಿನ ಎರಡು ದಿನ ಬುಡಕ್ಕೆ ಚೆನ್ನಾಗಿ ನೀರು ಹಾಕಿಟ್ಟಿದ್ದೆ. ಒಣಗಿದ ಮಣ್ಣು ಉದುರಿ ಹೋಗುತ್ತದೆ, ತೀರಾ ಕೆಸರಾದರೆ ಕುಸಿಯುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು.

ಅಗೆಯುವ ಮುಂಚೆ ಕಾಂಡದ ಪೂರ್ವದ ಮಗ್ಗುಲಿಗೆ ಸುಣ್ಣದಿಂದ ಒಂದು ಗೆರೆ ಎಳೆದೆ. ಹೊಸ ಜಾಗದಲ್ಲೂ ಆ ಗೆರೆ ಪೂರ್ವಕ್ಕೇ ಬರಬೇಕು. ನೆರಳಿನಲ್ಲಿ ಬೆಳೆದ ತೆಳು ತೊಗಟೆಯನ್ನು ಒಮ್ಮೆಲೇ ಪಶ್ಚಿಮದ ಬಿಸಿಲಿಗೆ ತಿರುಗಿಸಿದರೆ ಸುಟ್ಟು ಸೀಳುತ್ತದೆ.

ಅಗೆಯುವಾಗ ಹಳೆ ಚರಂಡಿಯಿಂದ ಮೂರು ನಾಲ್ಕು ಬೆರಳು ಹೊರಗಿನಿಂದ ಶುರು ಮಾಡಿದೆವು. ಹೊಸ ಬೇರು ಇರುವುದೇ ಆ ಕಾಡುಮಣ್ಣಿನಲ್ಲಿ. ಅದನ್ನೇ ಕಡಿದು ಬಿಸಾಕಿದರೆ ಸೆಪ್ಟೆಂಬರ್‌ನ ಕೆಲಸ ನೀರುಪಾಲು. ಒಂದು ಕಡೆ ಮಣ್ಣು ಸ್ವಲ್ಪ ಜಾರಿ ಬಿತ್ತು. ಆಗ ಕಾಣಿಸಿತು. ನಾನು ಕತ್ತಿಯಿಂದ ಕಡಿದಿದ್ದ ಬೇರಿನ ತುದಿ ಕಪ್ಪಾಗಿ ಗಂಟು ಕಟ್ಟಿತ್ತು. ಆ ಗಂಟಿನ ಸುತ್ತ ಬಿಳಿ ಬೇರು ಹತ್ತಾರು. ತುದಿ ಇನ್ನೂ ಪಾರದರ್ಶಕ. ಕಾಡುಮಣ್ಣಿನ ಕಪ್ಪು ಕಣಗಳನ್ನು ಹಿಡಿದುಕೊಂಡು ಕೂತಿದ್ದವು. ಮೇಸ್ತ್ರಿ ಬಗ್ಗಿ ನೋಡಿದ. ಏನೂ ಹೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಹಾರೆ ಹಿಡಿದ ಹುಡುಗನಿಗೆ 'ಮೆಲ್ಲ, ಮೆಲ್ಲ' ಅಂತ ಅವನೇ ಹೇಳತೊಡಗಿದ.

ಗಡ್ಡೆ ಕಟ್ಟುವ ಕೆಲಸ ಮಾತ್ರ ನೋಡಬೇಕಿತ್ತು. ಕಾಫಿ ಚೀಲ ಹೊಲಿಯುವವನು ನಮ್ಮ ಜೊತೆ ಇದ್ದ. ಹಳೆ ಗೋಣಿಚೀಲ ಬಿಚ್ಚಿ ಗಡ್ಡೆಯ ಸುತ್ತ ಬಿಗಿದು, ದಬ್ಬಳದಿಂದ ಚಣಬಿನ ದಾರದಲ್ಲಿ ಹೊಲಿದ. ಗುಂಡಿಯೊಳಗೆ ಮೊಣಕಾಲೂರಿ, ಒಂದು ಕೈಯಲ್ಲಿ ಗೋಣಿ ಎಳೆದು, ಇನ್ನೊಂದು ಕೈಯಲ್ಲಿ ಹೊಲಿಗೆ. ಪ್ರತಿ ಹೊಲಿಗೆಗೂ ದಾರವನ್ನು ಹಲ್ಲಿನಿಂದ ಕಚ್ಚಿ ಬಿಗಿ ಮಾಡುತ್ತಿದ್ದ. ಕೊನೆಗೆ ಗಡ್ಡೆಯನ್ನು ತಟ್ಟಿದರೆ ತುಂಬಿದ ಚೀಲದ ಸದ್ದು. ಇಲ್ಲಿ ಪ್ಲಾಸ್ಟಿಕ್ ಚೀಲ ಬಳಸಬಾರದು. ಚಣಬು ಮಣ್ಣಿನೊಳಗೆ ಕರಗುತ್ತದೆ, ಪ್ಲಾಸ್ಟಿಕ್ ಬೇರಿನ ಕುತ್ತಿಗೆ ಹಿಸುಕುತ್ತದೆ.

ಆ ಗಡ್ಡೆಯ ತೂಕ ಎಷ್ಟಿರಬಹುದು ಅಂದುಕೊಂಡಿರಿ? ಲೆಕ್ಕ ಬರೆಯುವವನಿಗೆ ಸುಮ್ನೆ ಇರಲಾಗುವುದಿಲ್ಲ. ಒಂದೂವರೆ ಅಡಿ ಅಗಲ, ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಆಳ, ಒದ್ದೆ ಮಣ್ಣು. ಎಂಬತ್ತು ಕೆ.ಜಿ.ಯ ಹತ್ತಿರ ಬರುತ್ತದೆ. ಕಾಂಡ ಹಿಡಿದು ಎತ್ತಿದರೆ ಗಡ್ಡೆ ಕಳಚಿ ಬೀಳುತ್ತದೆ. ಅಡಿಗೆ ಇನ್ನೊಂದು ಗೋಣಿ ತೂರಿಸಿ, ನಾಲ್ಕು ಮೂಲೆ ನಾಲ್ಕು ಜನ ಹಿಡಿದು ಎತ್ತಿದೆವು.

ಪಿಕಪ್‌ನಲ್ಲಿ ಗಡ್ಡೆ ಮುಂದೆ, ತಲೆ ಹಿಂದೆ. ಕಾಂಡ ತಾಗುವ ಕಡೆ ಹಳೆ ರಗ್ಗು. ರೆಂಬೆಗಳನ್ನು ಹಗುರವಾಗಿ ಮೇಲಕ್ಕೆ ಕಟ್ಟಿ, ಒದ್ದೆ ಗೋಣಿ ಹೊದಿಸಿದೆ. ಎಲೆ ಇಲ್ಲದಿದ್ದರೂ ಗಾಳಿಗೆ ಮೊಗ್ಗು ಒಣಗುತ್ತದೆ. ಸಂಜೆ ಹೊರಟೆವು. ಸುಂಟಿಕೊಪ್ಪ, ಏಳನೇ ಹೊಸಕೋಟೆ, ಆನೆಕಾಡು, ಗುಡ್ಡೆಹೊಸೂರು. ನನ್ನ ಹೆಂಡತಿ ಡ್ರೈವರ್ ಪಕ್ಕ ಮಿಕ್ಸಿ ಇಟ್ಟುಕೊಂಡು ಕೂತಿದ್ದಳು. ನಾನು ಹಿಂದೆ ಗಿಡ ಹಿಡಿದುಕೊಂಡು. ಆನೆಕಾಡಿನಲ್ಲಿ ಪಿಕಪ್ ನಿಲ್ಲಿಸಿ ಹಗ್ಗ ಬಿಗಿ ಮಾಡೋಣ ಅಂದೆ. ಡ್ರೈವರ್ ನಿಲ್ಲಿಸಲೇ ಇಲ್ಲ. ಜಾಗದ ಹೆಸರೇ ಆನೆಕಾಡು, ಸಂಜೆ ಹೊತ್ತು, ಅವನನ್ನು ಬೈಯುವ ಹಾಗೂ ಇಲ್ಲ.

ಕುಶಾಲನಗರದ ನಮ್ಮ ಸೈಟು ನಲವತ್ತು ಅರವತ್ತು. ಹೊಳೆದಾಸವಾಳ ಕಾಡಿನಲ್ಲಿ ಅರವತ್ತು ಅಡಿ ದಾಟುತ್ತದೆ, ಬಿಸಿಲಿನ ಬಯಲಿನಲ್ಲಿ ಅಷ್ಟು ಹೋಗುವುದಿಲ್ಲ, ಆದರೂ ಚಿಕ್ಕ ಮರ ಅಲ್ಲ. ಕರೆಂಟ್ ತಂತಿ ಇಲ್ಲದ ಮೂಲೆ, ಗೋಡೆಯಿಂದ ಹತ್ತು ಹನ್ನೆರಡು ಅಡಿ ದೂರ, ಸೆಪ್ಟಿಕ್ ಟ್ಯಾಂಕಿನಿಂದ ಇನ್ನೂ ದೂರ. ಅಂಥ ಜಾಗ ಒಂದೇ ಇತ್ತು. ಅದು ಹೆಂಡತಿ ಬಟ್ಟೆ ಒಣಗಿಸಲು ಗುರುತು ಮಾಡಿಟ್ಟ ಜಾಗ. ಆ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಗುಂಡಿಯನ್ನು ಮೊದಲೇ ತೆಗೆಸಿದ್ದೆ. ಕಾಫಿ ಗುಳಿ ನೋಡಿದ ಕೈಗೆ ಈ ಗುಂಡಿ ವಿಚಿತ್ರ ಅನಿಸುತ್ತದೆ. ಅಗಲ ಗಡ್ಡೆಯ ಎರಡು ಮೂರು ಪಟ್ಟು, ಆಳ ಗಡ್ಡೆಯಷ್ಟೇ. ಒಂದು ಬೆರಳೂ ಜಾಸ್ತಿ ಬೇಡ. ತಳ ಸಡಿಲ ಮಾಡಿದರೆ ಎಂಬತ್ತು ಕೆ.ಜಿ. ಕೂತ ಮೇಲೆ ಗಿಡ ಕೆಳಗಿಳಿಯುತ್ತದೆ, ಬುಡ ಮಣ್ಣಿನೊಳಗೆ ಹೋಗುತ್ತದೆ. ಕಾಂಡ ಅಗಲವಾಗಿ ಬೇರು ಶುರುವಾಗುವ ಜಾಗ ಹೊರಗೆ ಕಾಣುತ್ತಲೇ ಇರಬೇಕು. ಗುಂಡಿಯ ಮೇಲೆ ಗುದ್ದಲಿ ಕಾವು ಅಡ್ಡ ಇಟ್ಟು ನೋಡಿದೆವು. ಕಾವಿನ ಮಟ್ಟಕ್ಕಿಂತ ಗಡ್ಡೆ ಅರ್ಧ ಇಂಚು ಮೇಲಿತ್ತು. ಅಲ್ಲಿಗೇ ಬಿಟ್ಟೆ. ಕಾಂಡಕ್ಕೆ ಸುತ್ತಿದ ದಾರ ಬಿಚ್ಚಿ, ಮೇಲಿನ ಗೋಣಿ ಕತ್ತರಿಸಿ ತೆಗೆದು, ಅಡಿಯದನ್ನು ಹಾಗೇ ಬಿಟ್ಟೆವು.

ತುಂಬಿದ್ದು ಅಲ್ಲಿಯದೇ ಮಣ್ಣು. ಪಕ್ಕದ ಮನೆಯವರು ಒಂದು ಬುಟ್ಟಿ ಸಗಣಿ ಗೊಬ್ಬರ ಕೊಟ್ಟರು, ಪ್ರೀತಿಯಿಂದ. ಅದನ್ನು ಬಾಳೆಗೆ ಹಾಕಿದೆ. ಗುಂಡಿ ತುಂಬ ಒಳ್ಳೆ ಗೊಬ್ಬರ ಇಟ್ಟರೆ ಬೇರು ಅಲ್ಲೇ ಸುತ್ತಿಕೊಂಡು ಕೂರುತ್ತದೆ, ಹೊರಗಿನ ಗಟ್ಟಿ ಮಣ್ಣಿಗೆ ಹೋಗುವುದಿಲ್ಲ. ಹಸಿ ಸಗಣಿಗೆ ಗೆದ್ದಲೂ ಬರುತ್ತದೆ. ಮೊದಲ ವರ್ಷ ಗಿಡಕ್ಕೆ ಊಟ ಬೇಡ, ನೀರು ಬೇಕು. ಮೇಲೆ ಒಣ ಎಲೆ ಮೂರು ಇಂಚು ಹರಡಿದೆ, ಕಾಂಡಕ್ಕೆ ತಾಗದ ಹಾಗೆ.

ತಲೆ ಕಡಿಯಬೇಕಾ ಬೇಡವಾ ಅನ್ನುವುದರ ಮೇಲೂ ಒಂದು ವಾದ ಆಯಿತು. ಬೇರು ಹೋಗಿದೆ, ಮೇಲೂ ಮೂರರಲ್ಲಿ ಒಂದು ಪಾಲು ಕಡಿ ಅನ್ನುವುದು ಹಳೆಯ ಪದ್ಧತಿ. ನಾನು ಕಡಿಯಲಿಲ್ಲ. ಬೇರು ಬೆಳೆಯಲು ಬೇಕಾದ ಸೂಚನೆ ಹೋಗುವುದೇ ರೆಂಬೆಯ ತುದಿಯ ಮೊಗ್ಗಿನಿಂದ. ಊಟ ತಯಾರಾಗುವುದು ಎಲೆಯಲ್ಲಿ. ಮುರಿದ ಒಂದು ರೆಂಬೆ, ಒಂದಕ್ಕೊಂದು ಉಜ್ಜುತ್ತಿದ್ದ ಇನ್ನೊಂದು, ಅಷ್ಟು ತೆಗೆದೆ. ಗಡ್ಡೆಯ ಹೊರಗೆ ಎರಡು ಗೂಟ ನೆಟ್ಟು ಸೈಕಲ್ ಟ್ಯೂಬಿನ ಪಟ್ಟಿಯಿಂದ ಸಡಿಲವಾಗಿ ಕಟ್ಟಿದೆ. ಗಿಡ ಅಲ್ಲಾಡಬೇಕು, ಗಡ್ಡೆ ಅಲ್ಲಾಡಬಾರದು. ಗಾಳಿಗೆ ತೂಗಿದರೇ ಕಾಂಡ ಗಟ್ಟಿಯಾಗುವುದು.

ಆಮೇಲೆ ನೀರು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆ, ಒಂದು ಗಂಟೆ ದಾರಿ, ಆದರೆ ಗಿಡಕ್ಕೆ ಬೇರೆ ದೇಶ. ಇಲ್ಲಿ ಒಂದು ಸೂಕ್ಷ್ಮ ಇದೆ. ಗಡ್ಡೆಯ ಮಣ್ಣು ಮಾದಾಪುರದ ಅಂಟು ಕೆಂಪು, ಸುತ್ತಲಿನದು ಇಲ್ಲಿಯ ಸಡಿಲ ಮಣ್ಣು. ಸುತ್ತ ಒದ್ದೆ ಇದ್ದರೂ ಗಡ್ಡೆ ಒಣಗಿರುತ್ತದೆ. ಬೇರು ಇನ್ನೂ ಅದರೊಳಗೇ ಇರುವುದರಿಂದ ಅಲ್ಲಿಯ ನೀರು ಮೊದಲು ಖಾಲಿ. ಮೇಲಿನ ಮಣ್ಣು ನೋಡಿ ನೀರು ಹಾಕುವವರಿಗೆ ಇದು ಗೊತ್ತಾಗುವುದೇ ಇಲ್ಲ. ನನ್ನ ಹತ್ತಿರ ಕಾಫಿ ಚೀಲಕ್ಕೆ ಚುಚ್ಚಿ ಬೀಜ ತೆಗೆದು ನೋಡುವ ಹಳೆಯ ಕೊಳವೆ ಒಂದಿತ್ತು. ಅದನ್ನೇ ಗಡ್ಡೆಯ ಅಂಚಿಗೆ ಚುಚ್ಚಿ ಹೊರತೆಗೆಯುವುದು, ಬಂದ ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡುವುದು. ಒಣಗಿದ್ದರೆ ಎರಡು ಕೊಡ ನೀರು, ನೇರ ಗಡ್ಡೆಯ ಮೇಲೆ, ನಿಧಾನಕ್ಕೆ. ತೇವ ಇದ್ದರೆ ಸುಮ್ನೆ ಬರುವುದು. ಸುಮ್ನೆ ಬರುವುದು ಕಷ್ಟ. ನಿವೃತ್ತಿ ಆದವನ ಕೈಗೆ ಕೊಡ ಸಿಕ್ಕರೆ ಗಿಡ ಮುಳುಗಿಯೇ ಸಾಯುತ್ತದೆ ಅಂತ ಹೆಂಡತಿ ಹೇಳುತ್ತಾಳೆ.

ಶಿವರಾತ್ರಿ ಕಳೆದರೂ ಚಿಗುರಲಿಲ್ಲ. ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಹಸಿರು, ಹಾಗಾಗಿ ಧೈರ್ಯ ಇತ್ತು. ಹೂಮಳೆ ಬಿದ್ದು ತೋಟಗಳೆಲ್ಲ ಕಾಫಿ ಹೂವಿನಿಂದ ಬೆಳ್ಳಗಾದ ವಾರ ತುದಿಗಳಲ್ಲಿ ತಾಮ್ರದ ಬಣ್ಣದ ಚಿಗುರು ಕಾಣಿಸಿತು. ಎಲೆ ಹಿಂದಿನ ವರ್ಷದ ಅರ್ಧದಷ್ಟೇ ಇತ್ತು. ರೆಂಬೆಯೂ ಗೇಣುದ್ದ ಕೂಡ ಬೆಳೆಯಲಿಲ್ಲ. ಹೂವಂತೂ ಇಲ್ಲ. ಇದು ಇರುವುದೇ ಹೀಗೆ. ಚಳಿ ದೇಶದವರು ಕಾಂಡದ ಒಂದೊಂದು ಇಂಚು ದಪ್ಪಕ್ಕೆ ಒಂದೊಂದು ವರ್ಷ ಸುಧಾರಣೆಗೆ ಬೇಕು ಅನ್ನುತ್ತಾರೆ. ನಮ್ಮ ಕಡೆ ವರ್ಷವಿಡೀ ಬೇರು ಓಡುವುದರಿಂದ ಅಷ್ಟು ಬೇಕಾಗಲಿಕ್ಕಿಲ್ಲ. ಗೂಟವನ್ನು ಬರುವ ಬೇಸಿಗೆಗೆ ತೆಗೆಯಬೇಕು. ಅದಕ್ಕಿಂತ ಜಾಸ್ತಿ ಬಿಟ್ಟರೆ ಗಿಡ ಗೂಟದ ಮೇಲೇ ಭಾರ ಹಾಕುವುದನ್ನು ಕಲಿಯುತ್ತದೆ.

ಬಾವಮೈದುನ ಬಂದು ನೋಡಿದ. ಚಿಗುರು ಮುಟ್ಟಿ 'ಪರವಾಗಿಲ್ಲ' ಅಂದ. ಈಗ ಅವನಿಗೇ ಒಂದು ಆಸೆ ಹುಟ್ಟಿದೆ. ಸೋಮವಾರಪೇಟೆಯ ಹಳೆ ಮನೆ ಮಾರುತ್ತಿದ್ದಾನೆ, ಅಂಗಳದಲ್ಲಿ ಕೆಂಡಸಂಪಿಗೆ ಇದೆ. ತೊಡೆ ದಪ್ಪ, ಮನೆ ಹೆಂಚಿಗಿಂತ ಎತ್ತರ. ಅದನ್ನು ಮೈಸೂರಿಗೆ ತೆಗೆದುಕೊಂಡು ಹೋಗಬೇಕಂತೆ. ಸಂಪಿಗೆಯ ಬೇರು ದಪ್ಪ, ಮೆತ್ತಗೆ, ಕಡಿದರೆ ಸುಲಭಕ್ಕೆ ಚಿಗುರುವ ಜಾತಿಯದಲ್ಲ. ಅಷ್ಟು ದಪ್ಪದ ಮರದ ಗಡ್ಡೆ ಟನ್ನುಗಟ್ಟಲೆ ತೂಗುತ್ತದೆ. ಕಸಿ ಗಿಡ ತಗೋ, ಎರಡು ಮೂರು ವರ್ಷಕ್ಕೇ ಹೂ ಬಿಡುತ್ತದೆ ಅಂದೆ. 'ನಿನ್ನದು ಬದುಕಿತಲ್ವಾ' ಅಂದ. ನನ್ನದು ನಾಲ್ಕು ಸೆಂಟಿಮೀಟರ್ ಅಂದೆ. ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನಿನ್ನೆ ಫೋನ್ ಮಾಡಿದ್ದ, ಜೆಸಿಬಿಯವನ ಹತ್ತಿರ ರೇಟು ಕೇಳಿದ್ದಾನಂತೆ.